ಹಾಡಿನ ಕಥೆ ಕುಣಿತಕ್ಕೆ ಬಂದಾಗ: ರಾವೆಲ್‌ನ ಮಕ್ಕಳ ಒಪೆರಾ ನೃತ್ಯವಾದ ಬಗೆ

ಆರೇಳು ವರ್ಷದ ಒಬ್ಬ ಹುಡುಗ. ಮಧ್ಯಾಹ್ನದ ಹೊತ್ತು. ಮುಂದೆ ಹೋಮ್‌ವರ್ಕ್ ಬಿದ್ದಿದೆ, ಮಾಡುವ ಮನಸ್ಸಿಲ್ಲ. ಅಮ್ಮ ಬಂದು ವಿಚಾರಿಸಿದರೆ ನಾಲಿಗೆ ಚಾಚಿ ಅಣಕಿಸುತ್ತಾನೆ. ಶಿಕ್ಷೆ ಸಿಗುತ್ತದೆ: ಸಕ್ಕರೆ ಇಲ್ಲದ ಟೀ, ಒಣ ಬ್ರೆಡ್ಡು, ರಾತ್ರಿ ಊಟದ ತನಕ ಒಬ್ಬನೇ ಕೂತಿರಬೇಕು. ಅಮ್ಮ ಅತ್ತ ಹೋದದ್ದೇ ತಡ, ಹುಡುಗ ಕೈಗೆ ಸಿಕ್ಕಿದ್ದನ್ನೆಲ್ಲ ಹಾಳು ಮಾಡತೊಡಗುತ್ತಾನೆ. ಟೀಪಾಟೂ ಕಪ್ಪೂ ಪುಡಿಪುಡಿ. ಪಂಜರದ ಅಳಿಲಿಗೆ ಪೆನ್ನಿನ ಮೊನೆಯಿಂದ ಚುಚ್ಚುತ್ತಾನೆ. ಬೆಕ್ಕಿನ ಬಾಲ ಹಿಡಿದು ಎಳೆಯುತ್ತಾನೆ. ಬೆಂಕಿ ಕೆದಕುವ ಸಲಾಕೆಯಿಂದ ಗೋಡೆಗೆ ಅಂಟಿಸಿದ ಚಿತ್ರದ ಕಾಗದ ಹರಿಯುತ್ತಾನೆ. ದೊಡ್ಡ ಗಡಿಯಾರದ ಲೋಲಕಕ್ಕೆ ಜೋತುಬಿದ್ದು ಅದನ್ನು ಕಿತ್ತೇ ಬಿಡುತ್ತಾನೆ. ಕೊನೆಗೆ ಪುಸ್ತಕಗಳನ್ನೂ ಹರಿದು, ತಾನು ಕೆಟ್ಟವನು, ತನ್ನನ್ನು ಕೇಳುವವರೇ ಇಲ್ಲ ಎಂದು ಕೂಗುತ್ತಾನೆ. ಸುಸ್ತಾಗಿ ಕುರ್ಚಿಯಲ್ಲಿ ಕೂರಲು ಹೋದರೆ ಕುರ್ಚಿ ದೂರ ಸರಿಯುತ್ತದೆ.

ಅಲ್ಲಿಂದ ಮುಂದೆ, ಅವನಿಂದ ಪೆಟ್ಟು ತಿಂದ ಒಂದೊಂದು ವಸ್ತುವೂ, ಒಂದೊಂದು ಪ್ರಾಣಿಯೂ ಎದ್ದು ಬಂದು ಅವನ ಮುಂದೆ ನಿಲ್ಲುತ್ತದೆ.

ಇದು ಫ್ರೆಂಚ್ ಸಂಗೀತಗಾರ ಮೊರೀಸ್ ರಾವೆಲ್ ಸಂಗೀತ ಹಾಕಿದ ಒಪೆರಾ. ಹೆಸರು 'ಲಾಂಫಾಂ ಎ ಲೆ ಸೊರ್ಟಿಲೇಜ್', ಅಂದರೆ 'ಮಗು ಮತ್ತು ಮಾಯೆಗಳು'. ಕಥೆ ಮತ್ತು ಹಾಡಿನ ಸಾಹಿತ್ಯ ಫ್ರಾನ್ಸಿನ ದೊಡ್ಡ ಲೇಖಕಿ ಕೊಲೆಟ್ ಅವರದ್ದು. ಮೊದಲ ಪ್ರಯೋಗ ಆದದ್ದು 1925ರ ಮಾರ್ಚ್ 21ರಂದು, ಮಾಂಟೆ ಕಾರ್ಲೊದಲ್ಲಿ. ಪೂರ್ತಿ ಆಟ ಮುಕ್ಕಾಲು ಗಂಟೆಯಷ್ಟೇ. ಒಪೆರಾ ಎಂದರೆ ಆರ್ಕೆಸ್ಟ್ರಾ ಜೊತೆ ಶುರುವಿನಿಂದ ಕೊನೆಯವರೆಗೆ ಹಾಡಿಕೊಂಡೇ ನಡೆಯುವ ನಾಟಕ. ಅದರಲ್ಲಿ ಕಥೆಯ ಭಾರವೆಲ್ಲ ಗಂಟಲಿನ ಮೇಲೆ. ಅಂಥದ್ದನ್ನು ಇವತ್ತಿನ ನೃತ್ಯ ತಂಡಗಳು ಮನೆಮಂದಿಯೆಲ್ಲ ಕೂತು ನೋಡುವ ಕುಣಿತವಾಗಿ ಮಾಡುತ್ತವೆ. ಹಾಡುವವರ ಬದಲು ಕುಣಿಯುವವರು ಬಂದರೆ ಕಥೆಗೆ ಏನಾಗುತ್ತದೆ? ಮಾತು ಎಲ್ಲಿಗೆ ಹೋಗುತ್ತದೆ? ಮಗುವಿಗೆ ಅರ್ಥವಾಗುತ್ತದಾ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಇದಕ್ಕಿಂತ ಒಳ್ಳೆಯ ಕೃತಿ ನನಗೆ ಗೊತ್ತಿಲ್ಲ. ಯಾಕೆಂದರೆ ಇದು ಹುಟ್ಟಿದ್ದೇ ನೃತ್ಯ ಆಗಬೇಕು ಅಂತ.

ನೃತ್ಯಕ್ಕೆಂದು ಬರೆದ ಕಥೆ

ಮೊದಲನೇ ಮಹಾಯುದ್ಧದ ಕಾಲ. ಪ್ಯಾರಿಸ್ ಒಪೆರಾದ ಮುಖ್ಯಸ್ಥ ಜಾಕ್ ರೂಶೆ ಅವರು ಕೊಲೆಟ್ ಬಳಿ ಒಂದು ಬ್ಯಾಲೆಗೆ, ಅಂದರೆ ಸಂಗೀತಕ್ಕೆ ಕುಣಿದೇ ಕಥೆ ಹೇಳುವ ನೃತ್ಯ ನಾಟಕಕ್ಕೆ, ಕಥೆ ಬರೆದುಕೊಡಿ ಎಂದು ಕೇಳಿದರು. ಕೊಲೆಟ್ ಮಗಳು ಆಗ ಚಿಕ್ಕವಳು, ಹುಟ್ಟಿದ್ದು 1913ರಲ್ಲಿ. ಕೊಲೆಟ್ ಬೇಗನೆ ಬರೆದು ಮುಗಿಸಿದರು, ತಲೆಬರಹದಲ್ಲಿ 'ನನ್ನ ಮಗಳಿಗಾಗಿ' ಎಂದು ಹಾಕಿದ್ದರು. ರಾವೆಲ್‌ಗೆ ಮದುವೆಯೇ ಆಗಿರಲಿಲ್ಲ. ತನಗೆ ಮಗಳಿಲ್ಲವಲ್ಲ ಎಂದು ಅವರು ಹೇಳಿದರಂತೆ, ಆ ಹೆಸರು ಬಿದ್ದುಹೋಯಿತು.

ರಾವೆಲ್ ಆಗ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದರು. ಅವರಿಗೆ ಕಳಿಸಿದ ಮೊದಲ ಪ್ರತಿ ಟಪಾಲಿನಲ್ಲೇ ಕಳೆದುಹೋಯಿತು. 1917ರ ಜನವರಿಯಲ್ಲಿ ಅವರ ತಾಯಿ ತೀರಿಕೊಂಡರು. ತಾಯಿಯನ್ನು ಬಿಟ್ಟರೆ ಬೇರೆ ಲೋಕವಿಲ್ಲ ಎನ್ನುವ ಹಾಗೆ ಬದುಕಿದ್ದ ಮನುಷ್ಯ ಅವರು. ಈ ಕೃತಿ ಮುಗಿಯುವುದು 'ಅಮ್ಮಾ' ಎಂಬ ಒಂದೇ ಕೂಗಿನಿಂದ. ಆ ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಇರಲು ನನಗಂತೂ ಆಗುವುದಿಲ್ಲ.

ಕೆಲಸ ವರ್ಷಗಟ್ಟಲೆ ಎಳೆಯಿತು. 1919ರಲ್ಲಿ ರಾವೆಲ್ ಕೊಲೆಟ್‌ಗೆ ಪತ್ರ ಬರೆದು, ಟೀಪಾಟೂ ಕಪ್ಪೂ ಸೇರಿ ಅಮೆರಿಕದ ರ‍್ಯಾಗ್‌ಟೈಮ್ ಹಾಡಿದರೆ ಹೇಗೆ ಎಂದು ಕೇಳಿದರು. ಇನ್ನೊಂದು ಸಲ, ಎರಡು ಬೆಕ್ಕುಗಳ ಹಾಡಿನಲ್ಲಿ ಒಂದು ಬಗೆಯ 'ಮಿಯಾಂವ್' ತೆಗೆದು ಇನ್ನೊಂದು ಬಗೆಯದನ್ನು ಹಾಕಿಕೊಳ್ಳಲೇ ಎಂದು ತುಂಬಾ ಗಂಭೀರವಾಗಿ ಅನುಮತಿ ಕೇಳಿದ್ದನ್ನು ಕೊಲೆಟ್ ನೆನಪಿಸಿಕೊಂಡಿದ್ದಾರೆ. ಬ್ಯಾಲೆ ಆಗಬೇಕಿದ್ದದ್ದು ಹೀಗೆ ಮೆಲ್ಲಗೆ ಒಪೆರಾ ಆಯಿತು.

ಆದರೆ ಕುಣಿತ ಅದರ ಒಳಗೇ ಉಳಿಯಿತು. ಸ್ವಲ್ಪ ಕಿವಿಗೊಟ್ಟು ಕೇಳಿದರೆ ಸಾಕು. ಹಳೇ ಕಾಲದ ಎರಡು ಕುರ್ಚಿಗಳು ಆಸ್ಥಾನದ ನಿಧಾನ ನಡೆಯಲ್ಲಿ ಹೆಜ್ಜೆ ಹಾಕುತ್ತವೆ. ಟೀಪಾಟಿಗೆ ಫಾಕ್ಸ್‌ಟ್ರಾಟ್. ಹರಿದ ಗೋಡೆ ಕಾಗದದ ಮೇಲಿದ್ದ ಕುರುಬರಿಗೆ ಹಳ್ಳಿಯ ಮೆರವಣಿಗೆ ಕುಣಿತ. ತೋಟದ ಏರೋಪ್ಲೇನ್ ಚಿಟ್ಟೆಗೆ (ಡ್ರ್ಯಾಗನ್‌ಫ್ಲೈ) ಸುತ್ತುತ್ತಾ ಕುಣಿಯುವ ವಾಲ್ಟ್ಸ್. ಹೀಗೆ ಹಲವು ಪಾತ್ರಗಳ ಸಂಗೀತ ಒಂದೊಂದು ನೃತ್ಯದ ಅಚ್ಚಿನಲ್ಲೇ ಇದೆ. ಮೊದಲ ಪ್ರಯೋಗಕ್ಕೆ ನೃತ್ಯ ಕೂಡಿಸಿದ ಹುಡುಗನಿಗೆ ಆಗ ವಯಸ್ಸು 21. ರಷ್ಯಾದಿಂದ ಬಂದು ಕೆಲವೇ ತಿಂಗಳ ಹಿಂದೆ ಬ್ಯಾಲೆ ರೂಸ್ ಎಂಬ ಹೆಸರಾಂತ ನೃತ್ಯ ತಂಡ ಸೇರಿದ್ದ ಜಾರ್ಜ್ ಬಾಲಾಂಚಿನ್. ಮುಂದೆ ನ್ಯೂಯಾರ್ಕ್ ಸಿಟಿ ಬ್ಯಾಲೆ ಕಟ್ಟಿ ಇಪ್ಪತ್ತನೇ ಶತಮಾನದ ಬ್ಯಾಲೆಯ ದಿಕ್ಕನ್ನೇ ಬದಲಿಸಿದವರು. ಅವರು ಈ ಮಕ್ಕಳ ಕಥೆಯನ್ನು ಬಿಡಲೇ ಇಲ್ಲ. 1946ರಲ್ಲಿ, 1975ರಲ್ಲಿ, ಮತ್ತೆ 1981ರಲ್ಲಿ ಟೆಲಿವಿಷನ್‌ಗಾಗಿ, ಹೀಗೆ ಜೀವನದ ಕೊನೆಗಾಲದವರೆಗೂ ಇದಕ್ಕೆ ಹಿಂತಿರುಗುತ್ತಲೇ ಇದ್ದರು.

ದನಿ ಎಲ್ಲಿ, ದೇಹ ಎಲ್ಲಿ

ಒಪೆರಾ ಹಾಡುವವರಿಗೆ ಒಂದು ಕಷ್ಟ ಇದೆ. ಮೈಕ್ ಇಲ್ಲದೆ ದೊಡ್ಡ ಆರ್ಕೆಸ್ಟ್ರಾವನ್ನು ದಾಟಿ ದನಿ ಕೊನೆಯ ಸಾಲಿಗೆ ಮುಟ್ಟಬೇಕು. ಅದಕ್ಕೆ ಉಸಿರು ಬೇಕು, ನೆಟ್ಟಗೆ ನಿಲ್ಲಬೇಕು, ಕಣ್ಣು ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಮೇಲಿರಬೇಕು. ಈಗ ಇದೇ ಒಪೆರಾದ 'ಬೆಂಕಿ' ಪಾತ್ರವನ್ನು ನೆನೆಸಿಕೊಳ್ಳಿ. ಒಲೆಯಿಂದ ಹಾರಿ ಬಂದು, ಒಳ್ಳೆಯವರನ್ನು ಬೆಚ್ಚಗೆ ಇಡುತ್ತೇನೆ, ಕೆಟ್ಟವರನ್ನು ಸುಡುತ್ತೇನೆ ಎಂದು ಹುಡುಗನನ್ನು ಅಟ್ಟಿಸಿಕೊಂಡು ಹೋಗುತ್ತದೆ. ಅದರ ಹಾಡು ತಾರಸ್ಥಾಯಿಯಲ್ಲಿ, ಮಿಂಚಿನ ವೇಗದ ಸ್ವರಗಳಲ್ಲಿ ಇದೆ. ಹಾಗೆ ಹಾಡುತ್ತಲೇ ಒಬ್ಬಳು ರಂಗದ ತುಂಬ ಜಿಗಿಯಬೇಕು ಎಂದರೆ ಆಗುವ ಮಾತಲ್ಲ. ಹಾಗಾಗಿ ಸಾಮಾನ್ಯ ಒಪೆರಾ ಪ್ರಯೋಗದಲ್ಲಿ ಬೆಂಕಿ ಚೆನ್ನಾಗಿ ಹಾಡುತ್ತದೆ, ಅಷ್ಟಾಗಿ ಉರಿಯುವುದಿಲ್ಲ.

ನೃತ್ಯ ಕೂಡಿಸುವವರು ಈ ಗಂಟನ್ನು ಬಿಚ್ಚುವುದು ದನಿಯನ್ನೂ ದೇಹವನ್ನೂ ಬೇರೆ ಮಾಡಿ. ಹಾಡುವವರು ಒಂದು ಕಡೆ, ಕುಣಿಯುವವರು ಇನ್ನೊಂದು ಕಡೆ. ನಮಗೆ ಇದರಲ್ಲಿ ವಿಚಿತ್ರ ಏನೂ ಕಾಣಬಾರದು. ಯಕ್ಷಗಾನದಲ್ಲಿ ಭಾಗವತರು ಕೂತು ಪದ ಹೇಳುತ್ತಾರೆ, ಆ ಪದಕ್ಕೆ ವೇಷಧಾರಿ ಕುಣಿಯುತ್ತಾನೆ. ದನಿ ಬೇರೆಯವರದ್ದು, ದೇಹ ಬೇರೆಯವರದ್ದು ಎಂದು ರಾತ್ರಿಯಿಡೀ ಕೂತ ಒಬ್ಬ ಪ್ರೇಕ್ಷಕನಿಗೂ ಅನ್ನಿಸುವುದಿಲ್ಲ. ಯುರೋಪಿನ ಒಪೆರಾ ಪ್ರೇಕ್ಷಕರಿಗೆ ಮಾತ್ರ ಇದು ದೊಡ್ಡ ಬದಲಾವಣೆ. ಹಾಡುವವನೇ ಪಾತ್ರ ಎಂಬ ನಂಬಿಕೆ ಅಲ್ಲಿ ಬಲವಾಗಿದೆ.

ಇದನ್ನು ಮಾಡುವ ದಾರಿ ಒಂದೇ ಅಲ್ಲ. ಹಾಡುವವರನ್ನು ಆರ್ಕೆಸ್ಟ್ರಾ ಜೊತೆ ರಂಗದ ಕೆಳಗಿನ ಗುಂಡಿಯಲ್ಲಿ ಕೂರಿಸಿ, ಮೇಲೆ ನರ್ತಕರನ್ನು ಬಿಡಬಹುದು. ಅಮೆರಿಕದಲ್ಲಿ ನೃತ್ಯ ಕೂಡಿಸುವ ಮಾರ್ಕ್ ಮಾರಿಸ್ 1989ರಲ್ಲಿ ಇಂಗ್ಲೆಂಡಿನ ಹಳೆಯ ಸಂಗೀತಗಾರ ಹೆನ್ರಿ ಪರ್ಸೆಲ್‌ನ 'ಡೈಡೋ ಆ್ಯಂಡ್ ಈನಿಯಾಸ್' ಒಪೆರಾವನ್ನು ಹಾಗೆ ಮಾಡಿದರು, ರಾಣಿ ಡೈಡೋ ಮತ್ತು ಅವಳನ್ನು ಹಾಳು ಮಾಡುವ ಮಾಟಗಾತಿ ಎರಡೂ ಪಾತ್ರಗಳನ್ನು ತಾವೇ ಕುಣಿದರು. (ಆ ಒಪೆರಾ 1689ರ ಹೊತ್ತಿಗೆ ಲಂಡನ್ನಿನ ಚೆಲ್ಸಿಯಲ್ಲಿ ಹೆಣ್ಣುಮಕ್ಕಳ ಒಂದು ಶಾಲೆಯಲ್ಲಿ ನಡೆದಿತ್ತು. ಶಾಲೆ ನಡೆಸುತ್ತಿದ್ದ ಜೊಸಾಯಸ್ ಪ್ರೀಸ್ಟ್ ಸ್ವತಃ ನೃತ್ಯದ ಮೇಷ್ಟ್ರು. ಮಕ್ಕಳು, ಒಪೆರಾ, ಕುಣಿತ ಮೂರೂ ಒಂದೇ ಸೂರಿನ ಕೆಳಗೆ ಇದ್ದದ್ದು ಇವತ್ತಿನ ಸಂಗತಿಯೇನಲ್ಲ.) ಎರಡನೇ ದಾರಿ, ಒಳ್ಳೆಯ ಧ್ವನಿಮುದ್ರಣವನ್ನೇ ಹಾಕಿ ಕುಣಿಯುವುದು. ಊರೂರು ಸುತ್ತುವ ತಂಡಕ್ಕೆ ಇದು ಅನುಕೂಲ, ಖರ್ಚೂ ಕಮ್ಮಿ. ಮೂರನೇ ದಾರಿಯಲ್ಲಿ ಮಾತನ್ನೇ ತೆಗೆದುಬಿಡುತ್ತಾರೆ. ಹಾಡುವವರ ಸಾಲನ್ನು ಪಿಟೀಲಿಗೋ, ಓಬೋ ಎಂಬ ಊದುವ ವಾದ್ಯಕ್ಕೋ ಕೊಟ್ಟು ಸಂಗೀತವನ್ನು ಹೊಸದಾಗಿ ಜೋಡಿಸುತ್ತಾರೆ.

ರಾವೆಲ್ ಕೃತಿಗೆ ಮೂರನೇ ದಾರಿ ಒಗ್ಗುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಇಲ್ಲಿ ದನಿಗಳೇ ಅರ್ಧ ಮಜಾ. ಬೆಕ್ಕುಗಳ ಜಗಳ-ಪ್ರೀತಿ, ಕಪ್ಪೆಗಳ ವಟವಟ, ಗಡಿಯಾರ ನಿಲ್ಲಿಸಲಾಗದೆ ಬಾರಿಸುತ್ತಲೇ ಇರುವುದು. ಬೇಕಾದ ಸದ್ದಿಗಾಗಿ ರಾವೆಲ್ ಆರ್ಕೆಸ್ಟ್ರಾದಲ್ಲಿ ಚೀಸ್ ತುರಿಯುವ ಮಣೆಯನ್ನೂ, ಎಳೆದು ಊದುವ ಸೀಟಿಯನ್ನೂ ಸೇರಿಸಿದ್ದಾರೆ. ಫ್ರೆಂಚ್ ಬಾರದ ಮಗುವಿಗೂ ಇವು ತಲುಪುತ್ತವೆ. ಟೀಪಾಟು ಇಂಗ್ಲಿಷ್ ಬೆರೆಸಿ ಹಾಡುತ್ತದೆ, ಚೀನೀ ಕಪ್ಪು ಚೀನಾದವರಿಗೂ ತಿಳಿಯದ ಏನೇನೋ ಹಾಡುತ್ತದೆ. ಅರ್ಥವಾಗದಿರುವುದೇ ಅಲ್ಲಿನ ಆಟ.

ನೃತ್ಯಕ್ಕೆ ಹೇಳಲು ಬಾರದ್ದು

ಬ್ಯಾಲೆಯಲ್ಲಿ ಅತ್ತೆ ಇರುವುದಿಲ್ಲ ಎಂದು ಬಾಲಾಂಚಿನ್ ಹೇಳುತ್ತಿದ್ದರಂತೆ. ಒಬ್ಬ ಹೆಂಗಸು ರಂಗಕ್ಕೆ ಬಂದರೆ ಅವಳು ದುಃಖದಲ್ಲಿದ್ದಾಳೆ, ಸಿಟ್ಟಿನಲ್ಲಿದ್ದಾಳೆ, ಪ್ರೀತಿಯಲ್ಲಿದ್ದಾಳೆ ಎಂದು ಕುಣಿದು ತೋರಿಸಬಹುದು. ಅವಳು ಯಾರ ಅತ್ತೆ ಎಂದು ತೋರಿಸಲು ಆಗುವುದಿಲ್ಲ. ಸಂಬಂಧ, ಹೆಸರು, ನಿನ್ನೆ ನಡೆದದ್ದು, ನಾಳೆ ಆಗಬೇಕಾದ್ದು, ಇವೆಲ್ಲ ಮಾತಿನ ಸೊತ್ತು. ಮೈಗೆ ಗೊತ್ತಿರುವುದು ಈಗ, ಇಲ್ಲಿ ಅಷ್ಟೇ.

ಈ ಒಪೆರಾದ ಎರಡನೇ ಭಾಗದಲ್ಲಿ ಇದು ನಿಜವಾದ ತೊಡಕು. ಗೋಡೆ ಸರಿದು ಹುಡುಗ ಬೆಳದಿಂಗಳ ತೋಟಕ್ಕೆ ಬರುತ್ತಾನೆ. ಅಲ್ಲಿ ಮರ ನರಳುತ್ತಿದೆ, ಅವತ್ತೇ ಅವನು ಚಾಕುವಿನಿಂದ ಕೊರೆದ ಗಾಯ. ಏರೋಪ್ಲೇನ್ ಚಿಟ್ಟೆಯೊಂದು ತನ್ನ ಜೊತೆಗಾತಿಯನ್ನು ಹುಡುಕುತ್ತಿದೆ, ಅವಳನ್ನು ಅವನು ಸೂಜಿಯಿಂದ ಗೋಡೆಗೆ ಚುಚ್ಚಿಟ್ಟಿದ್ದಾನೆ. ಬಾವಲಿಯ ಹೆಂಡತಿಯನ್ನು ಕೋಲಿನಿಂದ ಹೊಡೆದು ಕೊಂದಿದ್ದಾನೆ, ಗೂಡಿನಲ್ಲಿ ಮರಿಗಳಿವೆ, ತಾಯಿ ಇಲ್ಲ. ಇದೆಲ್ಲ ನಾವು ನೋಡುವ ಮೊದಲೇ ನಡೆದುಹೋದದ್ದು. ಹಾಡಿನಲ್ಲಿ ಒಂದು ಸಾಲು ಸಾಕು. ಕುಣಿತದಲ್ಲಿ ಹೇಗೆ?

ನೃತ್ಯ ಕೂಡಿಸುವವರು ಇಲ್ಲಿ ಹಲವು ಉಪಾಯ ಮಾಡುತ್ತಾರೆ. ಒಬ್ಬರೇ ಕುಣಿಯುವ ಕಡೆ ಪಕ್ಕದಲ್ಲಿ ಖಾಲಿ ಜಾಗ ಬಿಡುವುದು ಒಂದು. ಇಬ್ಬರು ಕುಣಿಯಬೇಕಾದ ಹೆಜ್ಜೆಯನ್ನು ಒಬ್ಬನೇ ಕುಣಿದರೆ, ತೋಳು ಗಾಳಿಯನ್ನು ತಬ್ಬಿ ಹಿಡಿದರೆ, ಎಂಟು ವರ್ಷದ ಮಗುವಿಗೂ ತಿಳಿಯುತ್ತದೆ: ಇಲ್ಲಿ ಇನ್ನೊಬ್ಬರು ಇರಬೇಕಿತ್ತು. ಸಾಲು ಕೇಳಿ ತಿಳಿಯುವುದಕ್ಕಿಂತ ಹೀಗೆ ನೋಡಿ ತಿಳಿಯುವುದು ಜಾಸ್ತಿ ನೋಯಿಸುತ್ತದೆ. ಮೊದಲ ಭಾಗದಲ್ಲಿ ಹುಡುಗ ಮಾಡಿದ ಒಂದು ಚಲನೆಯನ್ನೇ, ಉದಾಹರಣೆಗೆ ಅಳಿಲಿಗೆ ಚುಚ್ಚಿದ ತೋಳಿನ ಬೀಸನ್ನು, ಎರಡನೇ ಭಾಗದಲ್ಲಿ ಪ್ರಾಣಿಗಳ ಮೈಯಲ್ಲಿ ಮತ್ತೆ ಕಾಣಿಸುವುದು ಇನ್ನೊಂದು ಉಪಾಯ. ಸಂಗೀತದಲ್ಲಿ ಒಂದು ರಾಗದ ತುಣುಕು ಮರಳಿ ಬಂದ ಹಾಗೆ, ಒಂದು ಬೀಸು ಮರಳಿ ಬರುತ್ತದೆ, ಮಾಡಿದವನ ಕಡೆಗೇ ತಿರುಗುತ್ತದೆ.

ಕಾಲದ ತೊಡಕೂ ಇದೆ. ಒಪೆರಾ ಹಾಡು ಒಂದು ಕ್ಷಣವನ್ನು ಹಿಡಿದು ಹಿಗ್ಗಿಸುತ್ತದೆ. ಹರಿದ ಪುಸ್ತಕದ ಹಾಳೆಗಳ ನಡುವಿನಿಂದ ಎದ್ದು ಬರುವ ರಾಜಕುಮಾರಿಯ ದೃಶ್ಯ ನೋಡಿ. ನಿನ್ನೆ ರಾತ್ರಿ ಹುಡುಗ ಅವಳ ಕಥೆ ಓದುತ್ತಿದ್ದ, ಅವಳನ್ನು ಪ್ರೀತಿಸಿದ್ದ. ಈಗ ಪುಸ್ತಕವೇ ಹರಿದಿದೆ, ಮುಂದೇನಾಗುತ್ತದೆ ಎಂದು ಅವಳಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಅವಳು ನೆಲದೊಳಗೆ ಇಳಿದುಹೋಗುತ್ತಾಳೆ, ಅವನು ಅವಳ ಹೊಂಬಣ್ಣದ ಕೂದಲು, ಕೈ ಹಿಡಿದು ಎಳೆಯುತ್ತಾನೆ, ಆಗುವುದಿಲ್ಲ. ಒಪೆರಾದಲ್ಲಿ ಇಬ್ಬರೂ ಬಹುಮಟ್ಟಿಗೆ ನಿಂತು ಹಾಡುತ್ತಾರೆ, ಜೊತೆಗೆ ಒಂದು ಕೊಳಲು ಮಾತ್ರ ಅವಳ ದನಿಯ ಸುತ್ತ ಸುತ್ತುತ್ತದೆ. ನರ್ತಕರಿಗೆ ಇಲ್ಲಿ ಇಷ್ಟೊಂದು ಸಮಯ ಸಿಕ್ಕಿದೆ, ಅದನ್ನು ಸುಮ್ನೆ ತುಂಬಿಸುವಂತಿಲ್ಲ. ಎಳೆತ ಮತ್ತು ಜಾರುವಿಕೆ ಎರಡನ್ನೇ ಇಟ್ಟುಕೊಂಡು ಕಟ್ಟಬೇಕು. ಚೆನ್ನಾಗಿ ಕಟ್ಟಿದರೆ ಇಡೀ ಕೃತಿಯಲ್ಲಿ ಮಕ್ಕಳು ಅತ್ಯಂತ ಮೌನವಾಗಿ ನೋಡುವ ಭಾಗ ಇದಾಗುತ್ತದೆ.

ಕಿಲಿಯಾನ್ ಮಾಡಿದ್ದು

ಈ ಒಪೆರಾದ ನೃತ್ಯ ರೂಪಗಳಲ್ಲಿ ಇವತ್ತಿಗೂ ನೋಡಲು ಸಿಗುವ ಒಳ್ಳೆಯದು ಯಿರ್ಝಿ ಕಿಲಿಯಾನ್ 1984ರಲ್ಲಿ ಹಾಲೆಂಡಿನ ನೆದರ್‌ಲ್ಯಾಂಡ್ಸ್ ಡಾನ್ಸ್ ಥಿಯೇಟರ್‌ಗಾಗಿ ಮಾಡಿದ್ದು. ಕಿಲಿಯಾನ್ 1947ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದವರು, ಆ ತಂಡವನ್ನು ಬಹಳ ವರ್ಷ ನಡೆಸಿದವರು. ರಂಗಸಜ್ಜಿಕೆ ಮತ್ತು ಉಡುಪು ಜಾನ್ ಮ್ಯಾಕ್‌ಫಾರ್ಲೇನ್ ಅವರದ್ದು. ಇದನ್ನು ಟೆಲಿವಿಷನ್‌ಗೆ ಚಿತ್ರೀಕರಿಸಿದ್ದಾರೆ, ಡಿವಿಡಿಯಾಗಿಯೂ ಬಂದಿದೆ. ಹಾಡುಗಳೆಲ್ಲ ಲೋರಿನ್ ಮಾಜೆಲ್ ನಿರ್ದೇಶನದ ಹೆಸರಾಂತ ಧ್ವನಿಮುದ್ರಣದಿಂದ ಬರುತ್ತವೆ. ರಂಗದಲ್ಲಿ ಇರುವವರೆಲ್ಲ ನರ್ತಕರೇ. ಹುಡುಗನ ಪಾತ್ರ ಮಾಡಿದ್ದು ಮಾರ್ಲಿ ಕ್ನೋಬೆನ್ ಎಂಬ ನರ್ತಕಿ. ಒಪೆರಾದಲ್ಲೂ ಹುಡುಗನ ದನಿ ಹೆಂಗಸಿನದ್ದೇ, ಹಾಗಾಗಿ ದನಿಗೂ ದೇಹಕ್ಕೂ ಸಹಜವಾಗಿ ಹೊಂದುತ್ತದೆ.

ದೊಡ್ಡವರು ಮಗುವಿನ ಪಾತ್ರ ಮಾಡಿದರೆ ನಂಬುವುದು ಹೇಗೆ? ಇದಕ್ಕೆ ಉತ್ತರವನ್ನು ಕೊಲೆಟ್ ಅವರೇ ಬರೆದಿಟ್ಟಿದ್ದಾರೆ. ರಂಗಸೂಚನೆಯಲ್ಲಿ ಅವರು ಹೇಳುವುದು: ಮನೆಯ ಎಲ್ಲ ವಸ್ತುಗಳೂ ಅಳತೆ ಮೀರಿ ದೊಡ್ಡದಾಗಿರಲಿ, ಮಗು ಎಷ್ಟು ಚಿಕ್ಕದು ಎಂದು ಕಣ್ಣಿಗೆ ಹೊಡೆಯಲಿ. ಅಮ್ಮ ಬಂದಾಗ ಪೂರ್ತಿ ಅಮ್ಮನನ್ನು ತೋರಿಸಬೇಡಿ, ಲಂಗ, ರೇಷ್ಮೆ ಏಪ್ರನ್ನಿನ ಕೆಳಭಾಗ, ಸೊಂಟದ ಸರಪಳಿಗೆ ಕಟ್ಟಿದ ಕತ್ತರಿ, ಒಂದು ಕೈ, ಅಷ್ಟು ಸಾಕು. ಮಗುವಿನ ಕಣ್ಣಿಗೆ ಕಾಣುವ ಅಮ್ಮ ಅಷ್ಟೇ ತಾನೆ! ಈ ಸೂಚನೆಯನ್ನು ಓದಿದಾಗಲೆಲ್ಲ ನನಗೆ ಕೊಲೆಟ್ ಮೇಲಿನ ಗೌರವ ಹೆಚ್ಚುತ್ತದೆ. ಒಪೆರಾದ ಪುಸ್ತಕದಲ್ಲಿ ಇದು ಬರೀ ಸೂಚನೆ. ನೃತ್ಯ ತಂಡಕ್ಕೆ ಇದೇ ಬಂಡವಾಳ. ಕುರ್ಚಿ ಆಳೆತ್ತರಕ್ಕಿದ್ದರೆ ಅದನ್ನು ಹತ್ತಬೇಕು, ಅದರಿಂದ ಜಾರಬೇಕು, ಅದರ ಕೆಳಗೆ ಅವಿತುಕೊಳ್ಳಬೇಕು. ಮಗುವಿನ ನಡವಳಿಕೆ ತಾನಾಗಿ ಬಂದುಬಿಡುತ್ತದೆ, ಮಗುವಿನ ಹಾಗೆ ನಟಿಸುವ ಗೊಡವೆಯೇ ಬೇಡ.

ಇಲ್ಲಿ ಸಮಕಾಲೀನ ನೃತ್ಯ ಯಾಕೆ, ಬ್ಯಾಲೆ ಸಾಲದೇ ಎಂಬ ಪ್ರಶ್ನೆ ಬರುತ್ತದೆ. ಹಳೆಯ ಬ್ಯಾಲೆಯ ಆಸೆ ಮೇಲಕ್ಕೆ. ಕಾಲ ತುದಿಯ ಮೇಲೆ ನಿಂತು, ಬೆನ್ನು ನೆಟ್ಟಗಿಟ್ಟು, ಭಾರವೇ ಇಲ್ಲವೆನ್ನುವ ಹಾಗೆ ಹಾರುವುದು. ರಾಜಕುಮಾರಿಗೆ ಇದು ಹೊಂದುತ್ತದೆ. ಆದರೆ ಲೋಲಕ ಕಳೆದುಕೊಂಡ ಗಡಿಯಾರಕ್ಕೆ? ಅದು ಹೊಯ್ದಾಡಬೇಕು, ತನ್ನ ತೂಕ ತಾನೇ ತಡೆಯಲಾರದೆ ವಾಲಬೇಕು. ಕಪ್ಪೆಗೆ ನೆಲ ಬೇಕು. ಮರಕ್ಕೆ ಬೇರು ಬೇಕು. ಸಮಕಾಲೀನ ನೃತ್ಯ ನೆಲವನ್ನು ಒಪ್ಪಿಕೊಳ್ಳುತ್ತದೆ, ಬೀಳುವುದನ್ನು, ಉರುಳುವುದನ್ನು, ಬೆನ್ನು ಬಾಗಿಸುವುದನ್ನು, ಉಸಿರು ಬಿಡುವುದನ್ನು ಕುಣಿತದ ಭಾಗವಾಗಿಯೇ ನೋಡುತ್ತದೆ. ಕಿಲಿಯಾನ್ ಎರಡನ್ನೂ ಬಲ್ಲವರು. ಅವರು 1980ರಲ್ಲಿ ಆಸ್ಟ್ರೇಲಿಯದ ಉತ್ತರದ ಗ್ರೂಟ್ ಐಲ್ಯಾಂಡ್‌ ಎಂಬ ದ್ವೀಪದಲ್ಲಿ ಅಲ್ಲಿನ ಮೂಲನಿವಾಸಿಗಳ ದೊಡ್ಡ ನೃತ್ಯ ಸಮಾವೇಶಕ್ಕೆ ಹೋಗಿದ್ದರು. ಪ್ರಾಣಿಗಳನ್ನು ಮೈಮೇಲೆ ತಂದುಕೊಂಡು ಕುಣಿಯುವುದನ್ನು ಅಲ್ಲಿ ಹತ್ತಿರದಿಂದ ಕಂಡರು. ಅದರಿಂದ ಹುಟ್ಟಿದ 'ಸ್ಟ್ಯಾಂಪಿಂಗ್ ಗ್ರೌಂಡ್' 1983ರಲ್ಲಿ ಬಂತು, ಮರುವರ್ಷ ಈ ಮಕ್ಕಳ ಒಪೆರಾ. ಒಂದರ ಹಿಂದೆ ಒಂದು ಬಂದದ್ದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ.

ಲೆಕ್ಕದ ಮೇಷ್ಟ್ರ ದೃಶ್ಯವನ್ನು ಬಿಟ್ಟು ಮುಂದೆ ಹೋಗಲಾರೆ. ಹರಿದ ಲೆಕ್ಕದ ಪುಸ್ತಕದಿಂದ ಗೂನುಬೆನ್ನಿನ ಗಡ್ಡದ ಮುದುಕನೊಬ್ಬ ಏಳುತ್ತಾನೆ. ಮೈತುಂಬ ಅಂಕಿಗಳ ಬಟ್ಟೆ, ತಲೆ ಮೇಲೆ ಟೊಪ್ಪಿಗೆಯಾಗಿ ಗಣಿತದ 'ಪೈ' ಚಿಹ್ನೆ. ಹಿಂದೆ ಅಂಕಿಗಳ ದಂಡು. ಕೊಳಾಯಿಯಿಂದ ತೊಟ್ಟಿಗೆ ನೀರು ಬೀಳುವ ಲೆಕ್ಕ, ರೈಲು ಹೊರಡುವ ಲೆಕ್ಕ ಎಲ್ಲ ಒಟ್ಟಿಗೆ ಒದರುತ್ತಾ, 4 ಮತ್ತು 4 ಹದಿನೆಂಟು, 11 ಮತ್ತು 6 ಇಪ್ಪತ್ತೈದು ಎಂದು ತಪ್ಪು ಲೆಕ್ಕ ಹೇಳುತ್ತಾ ಹುಡುಗನನ್ನು ಸುತ್ತುವರಿದು ತಿರುಗಿಸುತ್ತವೆ. ಸಂಗೀತದ ವೇಗ ಏರುತ್ತಾ ಹೋಗುತ್ತದೆ. ಹಾಡುವ ಮಕ್ಕಳ ತಂಡ ರಂಗದ ಮೇಲೆ ಈ ವೇಗಕ್ಕೆ ಓಡಲಾರದು. ನರ್ತಕರು ಓಡಬಲ್ಲರು. ತಲೆ ಸುತ್ತಿ ಹುಡುಗ ಬೀಳುವುದು ನಮಗೂ ತಲೆ ಸುತ್ತಿಸುತ್ತದೆ.

ಮನೆಮಂದಿಗೆ ಎಂದ ಮೇಲೆ ಮೆತ್ತಗೆ ಮಾಡಬೇಕೇ?

ಕುಟುಂಬಕ್ಕಾಗಿ ಮಾಡುವ ಆಟಗಳಲ್ಲಿ ಒಂದು ಅಭ್ಯಾಸ ಇದೆ. ಹೆದರಿಕೆ ಆಗುವುದನ್ನು ತೆಗೆಯುವುದು, ಬಣ್ಣ ಜಾಸ್ತಿ ಮಾಡುವುದು, ಕೊನೆಗೆ ಎಲ್ಲರೂ ಕೈ ಹಿಡಿದು ಕುಣಿಯುವುದು. ಜರ್ಮನ್ ಸಂಗೀತಗಾರ ಹಂಪರ್ಡಿಂಕ್‌ನ ಒಪೆರಾ 'ಹೆನ್ಸೆಲ್ ಮತ್ತು ಗ್ರೆಟೆಲ್' ಈ ವಿಷಯದಲ್ಲಿ ಒಳ್ಳೆಯ ಪಾಠ. ಹಂಪರ್ಡಿಂಕ್ ಅವರ ತಂಗಿ ಅಡೆಲ್‌ಹೈಡ್ ವೆಟ್ಟೆ ತನ್ನ ಮಕ್ಕಳ ಮನೆಯಾಟಕ್ಕೆ ಕೆಲವು ಹಾಡು ಬೇಕು ಎಂದು ಕೇಳಿದ್ದರಿಂದ ಶುರುವಾದ ಒಪೆರಾ ಅದು, 1893ರ ಡಿಸೆಂಬರ್ 23ರಂದು ಜರ್ಮನಿಯ ವೈಮರ್‌ನಲ್ಲಿ ಮೊದಲು ನಡೆಯಿತು. ಗ್ರಿಮ್ ಸಹೋದರರ ಕಥೆಯಲ್ಲಿ ತಿನ್ನಲು ಇಲ್ಲವೆಂದು ಅಪ್ಪ ಅಮ್ಮನೇ ಮಕ್ಕಳನ್ನು ಬೇಕೆಂದೇ ಕಾಡಿನಲ್ಲಿ ಬಿಟ್ಟು ಬರುತ್ತಾರೆ. ವೆಟ್ಟೆ ಇದನ್ನು ಮೆತ್ತಗೆ ಮಾಡಿದರು: ಹಾಲಿನ ಕುಡಿಕೆ ಒಡೆದುಹೋಗುತ್ತದೆ, ಅಮ್ಮ ಸಿಟ್ಟಿನಲ್ಲಿ ಹಣ್ಣು ಆರಿಸಿಕೊಂಡು ಬನ್ನಿ ಎಂದು ಕಾಡಿಗೆ ಅಟ್ಟುತ್ತಾಳೆ. ಆದರೆ ಮಕ್ಕಳನ್ನು ತಿನ್ನುವ ಮಾಟಗಾತಿಯನ್ನು ಹಾಗೇ ಉಳಿಸಿಕೊಂಡರು, ಅವರನ್ನು ಬೇಯಿಸುವ ಅವಳ ಒಲೆಯನ್ನೂ ಉಳಿಸಿಕೊಂಡರು. ಅದಕ್ಕೇ ಆ ಒಪೆರಾ ಇನ್ನೂ ಬದುಕಿದೆ. 2013ರಲ್ಲಿ ಸ್ಕಾಟಿಷ್ ಬ್ಯಾಲೆಗಾಗಿ ಕ್ರಿಸ್ಟೋಫರ್ ಹ್ಯಾಂಪ್ಸನ್ ಅದನ್ನು ನೃತ್ಯವಾಗಿ ಮಾಡಿದಾಗ ಹಂಪರ್ಡಿಂಕ್ ಸಂಗೀತವನ್ನೇ ಇಟ್ಟುಕೊಂಡರು. ಅಲ್ಲಿ ಹಾಡನ್ನು ಬಿಟ್ಟರೂ ನಡೆಯುತ್ತದೆ. ಮಕ್ಕಳು ಕಾಡಿನಲ್ಲಿ ಮಲಗಿದಾಗ 14 ದೇವತೆಗಳು ಇಳಿದು ಬಂದು ಕಾಯುವ ದೃಶ್ಯದಲ್ಲಿ ಮೂಲ ಒಪೆರಾದಲ್ಲೇ ಯಾರೂ ಹಾಡುವುದಿಲ್ಲ, ಬರೀ ವಾದ್ಯ.

ರಾವೆಲ್ ಕೃತಿಯಲ್ಲಿ ಮೆತ್ತಗೆ ಮಾಡಬಾರದ ಜಾಗ ತೋಟದ ಹೊಡೆದಾಟ. ಪ್ರಾಣಿಗಳೆಲ್ಲ ಒಟ್ಟಾಗಿ ಹುಡುಗನ ಮೇಲೆ ಬೀಳುತ್ತವೆ. ಗದ್ದಲದಲ್ಲಿ ಒಂದನ್ನೊಂದು ತುಳಿದುಕೊಳ್ಳುತ್ತವೆ, ಅಳಿಲೊಂದರ ಕಾಲಿಗೆ ಗಾಯವಾಗುತ್ತದೆ. ಹುಡುಗ ತನಗೂ ಗಾಯವಾಗಿದ್ದರೂ, ರಿಬ್ಬನ್ ತೆಗೆದು ಅಳಿಲಿನ ಕಾಲಿಗೆ ಕಟ್ಟುತ್ತಾನೆ. ಯಾರೂ ಹೇಳಿಕೊಟ್ಟಿಲ್ಲ, ಯಾರೂ ನೋಡಲಿ ಎಂದೂ ಅಲ್ಲ. ಮುಕ್ಕಾಲು ಗಂಟೆಯ ಕಥೆ ನಿಂತಿರುವುದು ಈ ಒಂದು ಕೆಲಸದ ಮೇಲೆ. ಹೊಡೆದಾಟ ನಿಜವಾಗಿ ಹೆದರಿಸದಿದ್ದರೆ ಆ ಪಟ್ಟಿಗೆ ಬೆಲೆ ಇಲ್ಲ. ನನ್ನ ಮಟ್ಟಿಗೆ ನೃತ್ಯ ಒಪೆರಾವನ್ನು ಮೀರಿಸುವುದು ಇಲ್ಲೇ. ಇಡೀ ಆಟದಲ್ಲಿ ಹುಡುಗನ ಕೈ ಒಡೆಯುವುದನ್ನು, ಎಳೆಯುವುದನ್ನು, ಚುಚ್ಚುವುದನ್ನು ನಾವು ನೋಡಿದ್ದೇವೆ. ಅದೇ ಕೈ ಈಗ ಕಟ್ಟುತ್ತದೆ. ಕ್ಷಮೆ ಕೇಳುವ ಹಾಡು ರಾವೆಲ್ ಬರೆದಿಲ್ಲ, ಕೊಲೆಟ್ ಬರೆದಿಲ್ಲ. ಕೈಯ ಕೆಲಸವೇ ಅದು, ಕೈಯ ಕಲೆಗೇ ಅದು ಚೆನ್ನಾಗಿ ಒಗ್ಗುತ್ತದೆ.

ಪ್ರಾಣಿಗಳಿಗೆ ಏನು ಮಾಡಬೇಕೋ ತಿಳಿಯುವುದಿಲ್ಲ. ಹುಡುಗ ಕೂಗಿದ ಒಂದು ಪದ ಅವಕ್ಕೆ ನೆನಪಿದೆ. ತೊದಲುತ್ತಾ ಅದನ್ನೇ ಕಲಿಯುತ್ತವೆ: 'ಮಮಾಂ', ಅಮ್ಮಾ. ಅದಕ್ಕೆ ರಾವೆಲ್ ಕೊಟ್ಟದ್ದು ಎರಡೇ ಸ್ವರ, ನಮ್ಮ ಮೇಲಿನ 'ಸ' ದಿಂದ ಕೆಳಗಿನ 'ಪ' ಕ್ಕೆ ಇಳಿದಷ್ಟು ದೂರ. ಮನೆಯಲ್ಲಿ ದೀಪ ಹತ್ತುತ್ತದೆ, ಹುಡುಗ ಕೈ ಚಾಚಿ ಅದೇ ಎರಡು ಸ್ವರದಲ್ಲಿ ಕರೆಯುತ್ತಾನೆ, ಆಟ ಮುಗಿಯುತ್ತದೆ. ಅಮ್ಮ ಬಂದಳೇ ಎಂದು ಕೊಲೆಟ್ ತೋರಿಸುವುದಿಲ್ಲ. ಅಮ್ಮನನ್ನು ರಂಗಕ್ಕೆ ತಂದು ಅಪ್ಪಿಸುವ ಆಸೆ ಕುಟುಂಬದ ಪ್ರಯೋಗಗಳಿಗೆ ಬಂದೇ ಬರುತ್ತದೆ. ತರದಿರುವುದೇ ಸರಿ ಎನ್ನುವವಳು ನಾನು. ಅಮ್ಮ ಬರುತ್ತಾಳೆ ಎಂದು ನೋಡುವ ಮಗುವಿಗೆ ಗೊತ್ತು, ಅದನ್ನು ತೋರಿಸಿ ಖಾತ್ರಿ ಮಾಡಬೇಕಾಗಿಲ್ಲ.

ಮಕ್ಕಳ ಜೊತೆ ಇಂಥದ್ದನ್ನು ನೋಡಲು ಹೊರಟವರಿಗೆ ಒಂದೆರಡು ಕೆಲಸದ ಮಾತು. ಕಥೆಯನ್ನು ಮೊದಲೇ ಕನ್ನಡದಲ್ಲಿ ಹೇಳಿಬಿಡಿ, ಕೊನೆಯನ್ನೂ ಹೇಳಿ. ನೃತ್ಯದಲ್ಲಿ ಏನಾಗುತ್ತದೆ ಎನ್ನುವುದಕ್ಕಿಂತ ಹೇಗೆ ಆಗುತ್ತದೆ ಎನ್ನುವುದರಲ್ಲಿ ರುಚಿ ಇರುವುದು. ಬೆಕ್ಕುಗಳ ಹಾಡನ್ನು ಹಿಂದಿನ ದಿನವೇ ಕೇಳಿಸಿದರೆ, ಅದು ಬಂದಾಗ ಮಕ್ಕಳು ಗುರುತು ಹಿಡಿದು ಕುಣಿದಾಡುತ್ತವೆ. ಡಿವಿಡಿ ನೋಡುವಾಗ ಕೆಳಗಿನ ಅಕ್ಷರಗಳನ್ನು ಆರಿಸಿಬಿಡಿ. ಅಕ್ಷರ ಇದ್ದರೆ ಕಣ್ಣು ಅಲ್ಲಿಗೇ ಓಡುತ್ತದೆ, ಕಾಲು ಕಾಣುವುದಿಲ್ಲ. ಐದು ವರ್ಷಕ್ಕಿಂತ ಚಿಕ್ಕವರಿಗೆ ಬೆಂಕಿ ಮತ್ತು ತೋಟದ ಭಾಗ ಹೆದರಿಕೆ ತರಬಹುದು, ತೊಡೆಯ ಮೇಲೆ ಕೂರಿಸಿಕೊಳ್ಳಿ. ಬ್ರಿಟನ್ನಿನಂಥ ಕಡೆ ಇರುವವರಿಗೆ ಇನ್ನೊಂದು ಅನುಕೂಲ ಇದೆ. ಅಲ್ಲಿನ ಎಷ್ಟೋ ರಂಗಮಂದಿರಗಳು 'ರಿಲ್ಯಾಕ್ಸ್ಡ್' ಪ್ರದರ್ಶನ ಎಂದು ಇಡುತ್ತವೆ. ದೀಪ ಪೂರ್ತಿ ಆರಿಸುವುದಿಲ್ಲ, ದೊಡ್ಡ ಸದ್ದುಗಳನ್ನು ತಗ್ಗಿಸುತ್ತಾರೆ, ಮಗು ಎದ್ದು ಓಡಾಡಿದರೂ, ಮಾತಾಡಿದರೂ ಯಾರೂ ಏನೂ ಅನ್ನುವುದಿಲ್ಲ. ಟಿಕೆಟ್ ಕೊಳ್ಳುವಾಗಲೇ ಯಾವ ದಿನ ಎಂದು ಕೇಳಿ ತಿಳಿದುಕೊಳ್ಳಿ.